ತವರದ ಅಳು

ಆ ಪೇಟೆಯಲ್ಲಿ ಅವಳ ನಿಜವಾದ ಹೆಸರು ಯಾರ ಬಾಯಲ್ಲೂ ಉಳಿದಿರಲಿಲ್ಲ. ಎಲ್ಲರಿಗೂ ಅವಳು ಕಂಚಮ್ಮ. ಕಂಚಿನ ಕೆಲಸದವಳು ಅಂತ ಅರ್ಧ, ಬಾಯಿ ತೆರೆದರೆ ಎದುರು ಸಾಲಿನ ಮನೆಯವರು ಕಿಟಕಿ ತೆಗೆದು ನೋಡುವಂಥ ಕಂಚಿನ ಕಂಠ ಅಂತ ಇನ್ನರ್ಧ. ಕುಲುಮೆಯ ಬಿಸಿಗೆ ಹುಬ್ಬುಗಳು ಸುಟ್ಟು ತೆಳ್ಳಗಾಗಿದ್ದವು. ಉಗುರಿನ ಸಂದಿಯ ಮಸಿ ಯಾವ ಸೋಪಿಗೂ ಜಗ್ಗುತ್ತಿರಲಿಲ್ಲ. ಆರತಿ ತಟ್ಟೆ, ಕೈಗಂಟೆ, ತೂಗುದೀಪ, ತೂತು ಬಿದ್ದ ಕಲಶ, ಇಂಥವೇ ಅವಳ ಕೈಗೆ ಬರುತ್ತಿದ್ದ ಕೆಲಸ. ದೊಡ್ಡ ಗಂಟೆಯನ್ನು ಮಾತ್ರ ಯಾರೂ ಅವಳಿಗೆ ಒಪ್ಪಿಸುತ್ತಿರಲಿಲ್ಲ. ಏಕೆಂದರೆ ಅವಳು ಮೂಗ ಗಂಟೆಯವನ ಮಗಳು.

ಅಪ್ಪನಿಗೆ ಮೊದಲು ಇದ್ದ ಹೆಸರು ಗಂಟೆ ಮೇಸ್ತ್ರಿ. ಅವನು ಎರಕ ಹೊಯ್ದ ಗಂಟೆ ಒಮ್ಮೆ ನುಡಿದರೆ, ಬಾರಿಸಿದವನು ಪ್ರದಕ್ಷಿಣೆ ಮುಗಿಸಿ ಬಂದರೂ ಕಿವಿಯಲ್ಲಿ ಗುಂಯ್‌ಗುಡುತ್ತಿತ್ತು ಎಂದು ಹಳಬರು ಹೇಳುತ್ತಿದ್ದರು. ಕೆಲಸ ಮಾಡುತ್ತಾ ಮಾತಾಡುವ ಮನುಷ್ಯ. ಇಬ್ಬರು ಹೆಣ್ಣುಮಕ್ಕಳನ್ನೂ ಕುಲುಮೆಗೆ ಗಾಳಿ ಊದುವ ತಿದಿಯ ಪಕ್ಕದಲ್ಲಿ ಕೂರಿಸಿಕೊಂಡು, ಕೈಗೆ ಬಂದ ಸಾಮಾನಿನ ಅರ್ಥ ಬಿಡಿಸಿ ಹೇಳುತ್ತಿದ್ದ. ಕಲಶ ಅಂದರೆ ನಮ್ಮ ಮೈ, ಒಳಗಿನ ನೀರು ಜೀವ. ಅದಕ್ಕೇ ಸೋರುವ ಕಲಶ ಪೂಜೆಗೆ ಬಾರದು. ದೀಪದ ಎಣ್ಣೆ ಮನುಷ್ಯನ ಆಸೆ, ಬತ್ತಿ ಅವನ ಅಹಂಕಾರ. ಅರಿವು ಹತ್ತಿಕೊಂಡರೆ ಎರಡೂ ಉರಿದು ತೀರುತ್ತವೆ. ಗಂಟೆಯ ವಿಷಯಕ್ಕೆ ಬಂದಾಗ ಮಾತ್ರ ಅವನ ದನಿ ಸಣ್ಣಗಾಗುತ್ತಿತ್ತು. "ಇದರ ಹಿಡಿ ಉಸಿರು ಕಣ್ರೇ, ಹೊಟ್ಟೆ ಆಕಾಶ, ನಾಲಿಗೆ ಸರಸ್ವತಿ. ಸರಸ್ವತಿ ಬಂದು ಕೂರೋ ಮುಂಚೆ ಗಂಟೆಯನ್ನು ಬಡಿದು ನೋಡಬಾರದು. ಗುಡಿಯಲ್ಲಿ ನಾಲಿಗೆ ಕಟ್ಟಿದ ಮೇಲೇ ಅದರ ಮೊದಲ ಮಾತು." ಇದು ಅವನದೇ ನೇಮ. ಆ ನೇಮವೇ ಅವನನ್ನು ಮುಗಿಸಿತು.

ಅವನ ಬಳಿ ಒಬ್ಬ ಶಿಷ್ಯನಿದ್ದ. ಚುರುಕು ಕೈ, ಅದಕ್ಕಿಂತ ಚುರುಕು ನಾಲಿಗೆ. ಹಿರಿಯ ಮಗಳನ್ನು ಅವನಿಗೇ ಕೊಟ್ಟು ಮದುವೆ ಮಾಡಿದ ಮೇಸ್ತ್ರಿ, ಗಂಡುಮಗನಿಲ್ಲದ ಕೊರಗು ತೀರಿತು ಎಂದುಕೊಂಡಿದ್ದ. ಪೇಟೆಯ ದೊಡ್ಡ ದೇವಸ್ಥಾನಕ್ಕೆ ಮಹಾಗಂಟೆ ಎರಕ ಹೊಯ್ಯುವ ಹೊತ್ತಿಗೆ ಮೇಸ್ತ್ರಿಯ ಬಲಗೈಗೆ ಅಚ್ಚಿನ ಕುದಿಯುವ ಮೇಣ ಬಿದ್ದು ಬೊಬ್ಬೆ ಎದ್ದಿತ್ತು. ಲೋಹ ಕರಗಿಸಿ ಹೊಯ್ಯುವ ಕೆಲಸವನ್ನು ಅಳಿಯನೇ ಮಾಡಿದ. ಗಂಟೆ ಹೊರಬಂದಾಗ ಹೊಳೆಯುತ್ತಿತ್ತು. ಮುಹೂರ್ತಕ್ಕೆ ಹೊತ್ತಾಯಿತೆಂದು, ನೇಮದಂತೆ ಬಡಿದೂ ನೋಡದೆ, ಗುಡಿಗೆ ಸಾಗಿಸಿ, ತೊಲೆಗೆ ಏರಿಸಿ, ನಾಲಿಗೆ ಕಟ್ಟಿದರು. ನೆರೆದವರೆಲ್ಲ ಕೈ ಮುಗಿದು ನಿಂತರು. ಹಗ್ಗ ಎಳೆದರೆ ಗಂಟೆ 'ಡಬ್' ಎಂದಿತು. ಖಾಲಿ ಡಬ್ಬಕ್ಕೆ ಸೌದೆಯಲ್ಲಿ ಹೊಡೆದ ಹಾಗೆ. ಇನ್ನೊಮ್ಮೆ ಎಳೆದರು. ಡಬ್. ಹಿಂದುಗಡೆ ಯಾರೋ ಕಿಸಕ್ಕೆಂದರು. ಒಬ್ಬ ಮುದುಕಿ, "ದೇವರನ್ನ ಕರೆಯೋಕೆ ಮೂಗನ್ನ ಕಳಿಸಿದಾರಲ್ಲಪ್ಪ!" ಎಂದಳು. ಆ ಮಾತು ಅಂದು ಸಂಜೆಯೊಳಗೆ ಪೇಟೆಯೆಲ್ಲ ಸುತ್ತಿ ಬಂತು.

ಮೇಸ್ತ್ರಿ ಗಂಟೆಯ ಅಂಚನ್ನು ಉಗುರಿನಿಂದ ಗೀರಿ ಮೂಸಿದ. ನಾಲಿಗೆ ತಾಗಿಸಿದ. ದುಬಾರಿ ತವರ ಬೀಳಬೇಕಾದ ಕಡೆ ಅಗ್ಗದ ಸೀಸ ಬಿದ್ದಿತ್ತು. ಸೀಸ ಸೇರಿದ ಕಂಚಿಗೆ ಕಂಠ ಬರುವುದಿಲ್ಲ. ಅವನು ತಲೆ ಎತ್ತಿ ಅಳಿಯನನ್ನು ನೋಡಿದ. ಅಳಿಯ ಎಲ್ಲರಿಗೂ ಕೇಳುವ ಹಾಗೆ, "ಮಾವ ಹೇಳಿದ ಲೆಕ್ಕದಲ್ಲೇ ಹಾಕಿದೆ. ವಯಸ್ಸಾಯ್ತು, ಮರೆವು," ಎಂದ. ಪಕ್ಕದಲ್ಲಿ ಹಿರಿಯ ಮಗಳು ತುಂಬಿದ ಬಸುರಿ. ಮೇಸ್ತ್ರಿ ಏನೂ ಹೇಳದೆ ಮನೆಗೆ ಬಂದ.

ಕಂಚಮ್ಮ ಆಗ ಲಂಗ ತೊಡುವ ವಯಸ್ಸಿನವಳು. ಮನೆಗೆ ಬಂದವಳೇ ಅಪ್ಪನ ಎದುರು ನಿಂತಳು.

"ಭಾವನೇ ತಾನೇ ಅಪ್ಪಾ? ಹೇಳು. ನಾನು ಹೋಗಿ ಪೇಟೆ ನಡುವೆ ಕೂಗ್ತೀನಿ."

"ನಿನ್ನ ಅಕ್ಕ ಅವನ ಮನೇಲಿ ಬಾಳಬೇಕು," ಎಂದ ಅಪ್ಪ. "ಸುಮ್ಮನಿರು."

ಅವನೂ ಸುಮ್ಮನಾದ. ಎಷ್ಟು ಸುಮ್ಮನಾದನೆಂದರೆ, ಊಟಕ್ಕೆ ಏಳು ಎಂದರೆ ಏಳುವುದು, ಮಲಗು ಎಂದರೆ ಮಲಗುವುದು. ಮಕ್ಕಳು ಬೀದಿಯಲ್ಲಿ 'ಡಬ್ ಡಬ್' ಎಂದು ಕೂಗಿಕೊಂಡು ಹೋದರೂ ತಲೆ ಎತ್ತುತ್ತಿರಲಿಲ್ಲ. ಒಂದು ಬೇಸಿಗೆಯಲ್ಲಿ ಹಾಗೇ ಹೋಗಿಬಿಟ್ಟ. ಅಳಿಯ ಅಷ್ಟರಲ್ಲಿ ಗುಡಿಯ ಎದುರು ಬೀದಿಯಲ್ಲಿ ಪಾತ್ರೆ ಅಂಗಡಿ ತೆರೆದಿದ್ದ. ಮಹಾಗಂಟೆಗೆ ಹೋಗಬೇಕಾಗಿದ್ದ ತವರವೇ ಆ ಅಂಗಡಿಗೆ ಬುನಾದಿ ಎಂದು ಕಂಚಮ್ಮನಿಗೆ ಖಾತ್ರಿಯಿತ್ತು. ತೋರಿಸಲು ಸಾಕ್ಷಿ ಮಾತ್ರ ಇರಲಿಲ್ಲ.

ವರ್ಷಗಳು ಉರುಳಿದವು. ಅಂಗಡಿ ಬೆಳೆದು ಮಹಡಿ ಏರಿತು. ಭಾವ ದೇವಸ್ಥಾನದ ಸಮಿತಿಗೆ ಸೇರಿ, ಮೆಲ್ಲಗೆ ಮೇಲೇರಿ, ಕೊನೆಗೆ ಅದರ ಯಜಮಾನನೇ ಆದ. ಹೆಗಲ ಮೇಲೆ ಬಿಳೀ ಶಲ್ಯ, ಹಣೆಯಲ್ಲಿ ಗಂಧ, ಮಾತಿಗೆ ಮುಂಚೆ ನಗು. ಕಂಚಮ್ಮ ಮದುವೆ ಮಾಡಿಕೊಳ್ಳಲಿಲ್ಲ. ಕೇಳಿದವರಿಗೆ, "ಕುಲುಮೆ ಕಟ್ಕೊಂಡಿದೀನಲ್ಲ, ಅದೇ ಸಾಕಷ್ಟು ಉರಿಸುತ್ತೆ," ಎನ್ನುತ್ತಿದ್ದಳು. ನಿಜವಾಗಿ ಅವಳನ್ನು ಉರಿಸುತ್ತಿದ್ದದ್ದು ಬೇರೆ. ಹಸಿ ಜೇಡಿಮಣ್ಣು ತುಳಿಯುವಾಗ ಭಾವನ ಮುಖ ತುಳಿದಂತೆ ತುಳಿಯುತ್ತಿದ್ದಳು. ಅಚ್ಚು ಒಡೆಯುವಾಗ ಸುತ್ತಿಗೆಯ ಏಟು ಬೇಕಾದ್ದಕ್ಕಿಂತ ಒಂದು ಹೆಚ್ಚೇ ಬೀಳುತ್ತಿತ್ತು.

ಕೊನೆಗೊಂದು ದಿನ ಹೊಸ ಮಹಾಗಂಟೆಯ ಮಾತು ಬಂತು. ಲೋಹವೆಲ್ಲ ನನ್ನದು, ಅಂಚಿನಲ್ಲಿ ಹೆಸರೂ ನನ್ನದೇ ಇರಲಿ ಎಂದು ಯಜಮಾನ ಸಭೆಯಲ್ಲಿ ಘೋಷಿಸಿದ. ಎರಕದ ಕೆಲಸ ಕಂಚಮ್ಮನಿಗೇ ಹೋಗಲಿ ಎಂದು ವಯಸ್ಸಾದ ಅರ್ಚಕರು ಹಟ ಹಿಡಿದಾಗ, ಅವನು ಅದಕ್ಕೂ ನಗುನಗುತ್ತಾ ತಲೆಯಾಡಿಸಿದ. "ಕೊಡೋಣ ಬಿಡಿ. ನಮ್ಮ ನಾದಿನಿ ತಾನೇ, ಪಾಪ. ಅವರಪ್ಪ ಮಾಡಿದ ತಪ್ಪಿಗೆ ಅವಳೇನು ಮಾಡ್ತಾಳೆ?"

ಈ ಮಾತು ಅದೇ ದಿನ ಅವಳ ಕಿವಿಗೆ ಬಿತ್ತು. ಅಪ್ಪ ಮಾಡಿದ ತಪ್ಪು! ಅಂದೇ ಒಂದು ಯೋಚನೆ ಅವಳ ತಲೆ ಹೊಕ್ಕಿತು. ಈ ಗಂಟೆಯನ್ನೂ ಮೂಗ ಮಾಡಿಬಿಡುವುದು. ಅಂಚಿನಲ್ಲಿ ಅವನ ಹೆಸರು ಕೆತ್ತಿದ ಗಂಟೆ, ಇಡೀ ಪೇಟೆಯ ಎದುರು 'ಡಬ್' ಎನ್ನಲಿ. ಆ ಸದ್ದನ್ನು ನೆನೆದು ನೆನೆದು ಸವಿದಳು. ತೊಲೆಯ ಅಳತೆ ತೆಗೆಯಲು ಗುಡಿಗೆ ಹೋದಾಗಲೂ ಅದೇ ಗುಂಗಿನಲ್ಲಿದ್ದಳು.

ಅರ್ಚಕರು ಮಧ್ಯಾಹ್ನದ ಪೂಜೆಗೆ ಸಾಮಾನು ಜೋಡಿಸುತ್ತಿದ್ದರು. ದೇವರಿಗೆ ತೋರಿಸುವ ಕನ್ನಡಿಯನ್ನು ಪಂಚೆಯ ತುದಿಯಲ್ಲಿ ಒರೆಸುತ್ತಾ ಕೇಳಿದರು, "ಗಂಟೆ ಯಾಕೆ ಬಾರಿಸ್ತೀವಿ, ಗೊತ್ತಾ ಮಗಳೇ?"

"ಅಪ್ಪ ಹೇಳ್ತಿದ್ರು. ದೇವರು ಬರಲಿ ಅಂತ."

"ಇರಬಾರದವರು ಎದ್ದು ಹೋಗಲಿ ಅಂತಲೂ ಹೌದು. ಆ ನಾದ ರಾಕ್ಷಸರಿಗೆ ಆಗಿಬರೋದಿಲ್ಲ."

"ರಾಕ್ಷಸರು ಸಮಿತಿಯಲ್ಲೇ ಕೂತಿದ್ರೆ ಸ್ವಾಮಿ?"

ಅರ್ಚಕರಿಗೆ ನಗು ಬಂದು ಕೆಮ್ಮಾಯಿತು. ಸುಧಾರಿಸಿಕೊಂಡು, "ಹೊರಗಿನ ರಾಕ್ಷಸರಲ್ಲಮ್ಮ. ಒಳಗಿರೋ ಸಿಟ್ಟು, ಮತ್ಸರ, ಅವೇ," ಎಂದರು.

"ಒಳಗಿರೋವರನ್ನ ನಾನೇ ನೋಡ್ಕೋತೀನಿ. ಹೊರಗಿರೋವರನ್ನ ಓಡಿಸೋಕೆ ಗಂಟೆ ಬೇಕು."

ಅವರು ಕರ್ಪೂರದ ಡಬ್ಬಿ ತೆಗೆದರು. "ಇದನ್ನ ನೋಡು. ಉರಿದ ಮೇಲೆ ಹಿಂದೆ ಏನೂ ಉಳಿಸೋದಿಲ್ಲ. ಮನುಷ್ಯ ದೇವರ ಮುಂದೆ ಹೀಗೆ ಕರಗಬೇಕು ಅಂತ ಇದರ ಅರ್ಥ. ನೀನು ನಿಮ್ಮಪ್ಪನ ನೋವನ್ನ ಇಷ್ಟು ದಿನ ಇಟ್ಕೊಂಡಿದೀಯ..."

"ನಾನು ಕರ್ಪೂರ ಅಲ್ಲ ಸ್ವಾಮಿ, ಇದ್ದಿಲು. ಮೇಲೆ ಬೂದಿ ಕಂಡ್ರೂ ಒಳಗೆ ಕೆಂಡ ಇರುತ್ತೆ."

ಅರ್ಚಕರು ಮತ್ತೆ ವಾದಿಸಲಿಲ್ಲ. ಕನ್ನಡಿಯನ್ನು ಪೀಠದ ಮೇಲಿಟ್ಟು, ಅವಳ ಮನಸ್ಸು ಓದಿದವರಂತೆ ಒಂದೇ ಮಾತು ಹೇಳಿದರು. "ಸಿಟ್ಟು ನಿನ್ನದು, ಗಂಟೆ ನಿನ್ನದಲ್ಲ. ಅದಕ್ಕೆ ದನಿ ಇಲ್ಲದೇ ಹೋದರೆ ಜನ ಅವನನ್ನ ಬೈಯೋದಿಲ್ಲ. ಅಪ್ಪನ ಹಾಗೇ ಮಗಳು ಅಂತಾರೆ."

ಆ ಮಾತು ಅವಳಿಗೆ ಕಪಾಳಕ್ಕೆ ಬಾರಿಸಿದಂತಾಯಿತು. ಹೌದಲ್ಲ! ಮೂಗ ಗಂಟೆಯಿಂದ ಅವನಿಗೇನು ನಷ್ಟ? ಶಲ್ಯ ಕೊಡವಿಕೊಂಡು, 'ನಾನು ಒಳ್ಳೆಯ ಲೋಹ ಕೊಟ್ಟೆ, ಅವಳು ಕೆಡಿಸಿದಳು' ಎನ್ನುತ್ತಾನೆ. ಅಪ್ಪ ಇನ್ನೊಂದು ಸಲ ಸಾಯುತ್ತಾನೆ. ಕಂಚಮ್ಮ ಮನೆಗೆ ಬಂದು ಕುಲುಮೆಯ ಮುಂದೆ ಕೂತು ಮೊದಲಿನಿಂದ ಯೋಚಿಸಿದಳು.

ಮರುದಿನ ಸಮಿತಿಯ ಮುಂದೆ ಕೈ ಕಟ್ಟಿ ನಿಂತು ಒಂದು ಷರತ್ತು ಹಾಕಿದಳು. "ಎರಕ ನನ್ನ ಕುಲುಮೆಯಲ್ಲಿ ಬೇಡ. ಗುಡಿಯ ಅಂಗಳದಲ್ಲೇ ಆಗಲಿ, ಹಾಡುಹಗಲಲ್ಲಿ, ಜನರೆಲ್ಲ ನೋಡೋ ಹಾಗೆ. ಲೋಹ ಕೊಡೋ ದೊಡ್ಡವರು ಅದನ್ನ ಕರಗಿಸೋ ಮೂಸೆಗೆ ತಮ್ಮ ಕೈಯಾರೆ ಹಾಕಲಿ."

ಯಜಮಾನನ ಮುಖ ಅರಳಿತು. ನೆರೆದ ಜನರ ಎದುರು ಶಲ್ಯ ಹೊದ್ದು ಲೋಹ ಅರ್ಪಿಸುವ ತನ್ನ ಚಿತ್ರ ಅವನಿಗೆ ಆಗಲೇ ಕಂಡಿತ್ತು. "ಭೇಷ್! ಹಾಗೇ ಆಗಲಿ. ಅಂಚಿನ ಮೇಲೆ ಅಕ್ಷರ ಮಾತ್ರ ದಪ್ಪಗೆ ಬರಲಿ, ದೂರದಿಂದ ಓದೋ ಹಾಗೆ."

"ದಪ್ಪಗೇ ಬರುತ್ತೆ ಭಾವ," ಎಂದಳು.

ಅವಳಿಗೆ ಅವನ ಕೈಚಳಕ ಗೊತ್ತಿತ್ತು. ಅಂಗಡಿಯ ಹಿಂದಿನ ಶೆಡ್ಡಿನಲ್ಲಿ ಅವನು ಸೀಸಕ್ಕೆ ತುಸು ತವರ ಬೆರೆಸಿ ಸರಳು ಎರೆಯುತ್ತಾನೆ, ತವರವೆಂದು ಮಾರುತ್ತಾನೆ ಎಂದು ಕೆಲಸದವರು ಗೊಣಗುವುದನ್ನು ಕೇಳಿದ್ದಳು. ಕದಿಯುವ ಕೈ ದೇವರ ಕೆಲಸವೆಂದು ಸುಮ್ಮನಿರುವುದಿಲ್ಲ ಎಂಬ ಒಂದೇ ನಂಬಿಕೆಯ ಮೇಲೆ ಅವಳ ಹಂಚಿಕೆಯೆಲ್ಲ ನಿಂತಿತ್ತು. ಆದರೆ ಮನುಷ್ಯ ಬದಲಾಗಿದ್ದರೆ? ವಯಸ್ಸಾಗಿ ಭಯಭಕ್ತಿ ಬಂದಿದ್ದರೆ? ಅಚ್ಚಿಗಾಗಿ ಮಾಡಿದ ಮೇಣದ ಗಂಟೆಯನ್ನು ನಯಮಾಡುತ್ತಾ ಅವಳು ದಿನವೂ ಒಂದೇ ಬೇಡಿಕೆ ಬೇಡಿದಳು: ದೇವರೇ, ಇವನೊಬ್ಬ ಒಳ್ಳೆಯವನಾಗದಿರಲಿ.

ಎರಕದ ಹಿಂದಿನ ದಿನ ಬೆಳಿಗ್ಗೆ ಅಕ್ಕ ಬಂದಳು. ಅಪ್ಪ ಹೋದ ಮೇಲೆ ಆ ಹೊಸ್ತಿಲು ತುಳಿದಿದ್ದೇ ಅಪರೂಪ. ಕೈತುಂಬ ಬಳೆ, ಕಣ್ಣ ಕೆಳಗೆ ಕಪ್ಪು. ಕೂರು ಎಂದು ಕಂಚಮ್ಮ ಹೇಳಲಿಲ್ಲ. ಮಣ್ಣಿನ ಗುಡ್ಡೆಯ ಪಕ್ಕದ ಮಣೆಯ ಮೇಲೆ ಅಕ್ಕ ತಾನೇ ಕೂತಳು.

"ಅಂಗಳದಲ್ಲೇ ಆಗಬೇಕು ಅಂದೆಯಂತೆ. ಏನು ಮಾಡೋಕೆ ಹೊರಟಿದೀಯ?"

"ಗಂಟೆ."

"ನಂಗೆ ನೀನು ಗೊತ್ತಿಲ್ವೇನೇ? ಬಿಟ್ಟುಬಿಡೇ. ಅಪ್ಪನೇ ಬಿಟ್ಟಿದ್ರು."

"ಅಪ್ಪ ಬಿಡಲಿಲ್ಲ ಅಕ್ಕ, ನುಂಗಿದ್ರು. ಅದು ಗಂಟಲಲ್ಲೇ ಉಳಿದು ಸತ್ರು."

"ನಾನು ತವರಿಗೆ ಅಂತ ಬಂದಿದೀನಿ. ತವರಲ್ಲಿ ಒಂದು ಮಾತು ನಡೆಸಿಕೊಡಲ್ವಾ?"

"ಇಲ್ಲಿ ಈಗ ಯಾರ ತವರೂ ಇಲ್ಲ. ತವರ ಇದೆ, ತಾಮ್ರ ಇದೆ, ನಾನಿದೀನಿ."

ಅಕ್ಕ ಎದ್ದು ಸೆರಗು ಕೊಡವಿಕೊಂಡು ಹೋದಳು.

ಅಂಗಳದಲ್ಲಿ ಗುಂಡಿ ತೋಡಿ ಮಣ್ಣಿನ ಅಚ್ಚನ್ನು ಕುತ್ತಿಗೆವರೆಗೆ ಹೂತಿದ್ದರು. ಪಕ್ಕದಲ್ಲಿ ಇಟ್ಟಿಗೆಯ ಕುಲುಮೆ. ತಾಮ್ರ ಕರಗಿ ಮೂಸೆಯಲ್ಲಿ ಹಸಿರು ಜ್ವಾಲೆ ಏಳುತ್ತಿತ್ತು. ಬಿಸಿಲಿನಲ್ಲೇ ಜನ ಒತ್ತೊತ್ತಾಗಿ ನಿಂತಿದ್ದರು, ಮಹಡಿಗಳ ಮೇಲೂ ತಲೆಗಳು. ಯಜಮಾನ ಹೊಸ ಶಲ್ಯ ಹೊದ್ದು, ತಟ್ಟೆಯ ಮೇಲೆ ತವರದ ಸರಳುಗಳನ್ನು ಜೋಡಿಸಿಕೊಂಡು ಬಂದ. ಅಕ್ಕ ಹೆಂಗಸರ ಸಾಲಿನಲ್ಲಿ ಮುಂದೆ ನಿಂತಿದ್ದಳು.

"ಇನ್ನು ತವರ," ಎಂದಳು ಕಂಚಮ್ಮ. "ಹಾಕೋ ಮುಂಚೆ ಒಂದು ಪದ್ಧತಿ ಇದೆ. ತವರಕ್ಕೆ ಒಂದು ಗುಣ. ಬಗ್ಗಿಸಿದರೆ ಅಳುತ್ತೆ. ಗಂಟೆಗೆ ಕಂಠ ಕೊಡೋದೇ ಅದು. ಅಳೋಕೆ ಬಾರದ್ದು ಹಾಡೋಕೂ ಬಾರದು. ಕೇಳಿ ನೋಡಿ."

ಮೇಲಿನ ಸರಳನ್ನು ಎತ್ತಿ, ಮುಂದೆ ನಿಂತಿದ್ದ ಮುದುಕಿಯೊಬ್ಬಳ ಕಿವಿಯ ಹತ್ತಿರ ಹಿಡಿದು ಬಗ್ಗಿಸಿದಳು. ಕರಕರ ಎಂದು ಸಣ್ಣಗೆ, ಹಲ್ಲು ಕಡಿದ ಹಾಗೆ, ಅದು ನರಳಿತು.

"ಅಯ್ಯೋ, ಹೌದು ಕಣೇ! ಅಳ್ತಾ ಇದೆ!" ಎಂದಳು ಮುದುಕಿ. ಜನ ಬೆರಗಾದರು. ಯಜಮಾನ ನಕ್ಕ.

ಕಂಚಮ್ಮ ಕೈಯಲ್ಲಿದ್ದ ಸರಳನ್ನು ತಿರುಗಿಸಿ ನೋಡಿದಳು. ನಿಜವಾದ ತವರ. ಹಾಗಾದರೆ ಇವನು ಒಳ್ಳೆಯವನಾಗಿಬಿಟ್ಟನೇ? ಇಷ್ಟು ವರ್ಷದ ಕೆಂಡಕ್ಕೆ ಅವನು ತನ್ನ ಭಕ್ತಿಯಿಂದ ನೀರು ಸುರಿದುಬಿಡುತ್ತಾನೆಯೇ? ಅವನು ಆಗಲೇ ಇನ್ನೊಂದು ಸರಳಿಗೆ ಕೈ ಹಾಕಿ ಮೂಸೆಯತ್ತ ಹೊರಟಿದ್ದ. ಅವಸರ ಕೊಂಚ ಹೆಚ್ಚೇ ಇತ್ತು. ಆ ಅವಸರವೇ ಅವಳಿಗೆ ಜೀವ ತಂದಿತು.

"ನಿಲ್ಲಿ ಭಾವ. ಅದನ್ನೂ ಕೇಳೋಣ. ನೀವೇ ಬಗ್ಗಿಸಿ, ಅಜ್ಜಿ ಕಿವಿ ಹತ್ತಿರ."

"ಒಂದು ನೋಡಿದ ಮೇಲೆ ಆಯ್ತಲ್ಲಮ್ಮ. ಹೊತ್ತು ಮೀರುತ್ತೆ."

"ತಾಮ್ರ ಕಾಯುತ್ತೆ. ನಾವೆಲ್ಲ ಕಾದಿಲ್ವಾ?"

ಜನರೂ 'ಕೇಳೋಣ, ಕೇಳೋಣ' ಎಂದರು. ಅವನು ಬಗ್ಗಿಸಿದ. ಮುದುಕಿ ಕಿವಿ ಕೊಟ್ಟಳು, ಇನ್ನಷ್ಟು ಹತ್ತಿರ ಬಂದಳು, ಮುಖ ಸಿಂಡರಿಸಿದಳು. "ಇದು ಸುಮ್ಮನಿದೆಯಲ್ಲ."

ಕಂಚಮ್ಮ ತಟ್ಟೆಯ ಉಳಿದ ಸರಳುಗಳನ್ನು ಒಂದೊಂದಾಗಿ ಎತ್ತಿ ಬಗ್ಗಿಸಿ ನೆಲಕ್ಕೆ ಎಸೆದಳು. ಒಂದೂ ಉಸಿರೆತ್ತಲಿಲ್ಲ. ಕೊನೆಯದನ್ನು ಅವನ ಹೆಗಲ ಮೇಲಿನ ಶಲ್ಯಕ್ಕೆ ಒತ್ತಿ ಗೀರಿದಳು. ಬಿಳಿ ಬಟ್ಟೆಯ ಮೇಲೆ ಕಪ್ಪು ಗೆರೆ ಬಿತ್ತು. "ಸೀಸ," ಎಂದಳು. ಕಂಚಿನ ಕಂಠ ಅಂಗಳದ ನಾಲ್ಕು ಗೋಡೆಗೂ ಬಡಿಯಿತು. "ನಮ್ಮಪ್ಪನ ಗಂಟೆಗೆ ಬಿದ್ದಿದ್ದೂ ಇದೇ."

"ನನಗೆ ಯಾರೋ ಮೋಸ ಮಾಡಿದಾರೆ," ಎಂದ ಅವನು. ಬಣ್ಣ ಹೋಗಿದ್ದರೂ ದನಿ ಹೋಗಿರಲಿಲ್ಲ. "ಮಾರಿದವನ ತಪ್ಪು. ಹಳೇದಕ್ಕೂ ಇದಕ್ಕೂ ಗಂಟು ಹಾಕಬೇಡ. ನಿಮ್ಮಪ್ಪನಿಗೆ ಕೊನೆಕೊನೆಗೆ ತಾಮ್ರ ಯಾವುದು ತಗಡು ಯಾವುದು ಅನ್ನೋದೇ ತಿಳೀತಿರಲಿಲ್ಲ. ನಾನಲ್ವಾ ಮುಚ್ಚಿ ಮರ್ಯಾದೆ ಉಳಿಸಿದ್ದು?"

ಜನರಲ್ಲಿ ಒಂದಿಬ್ಬರು ತಲೆಯಾಡಿಸಿದರು. ಕಂಚಮ್ಮ ಹಲ್ಲು ಕಚ್ಚಿದಳು. ಹಳೆಯ ಕಳವಿಗೆ ಅವಳ ಕೈಯಲ್ಲಿ ಇಂದಿಗೂ ಸಾಕ್ಷಿ ಇರಲಿಲ್ಲ.

"ಮಾರಿದವರು ಯಾರೂ ಇಲ್ಲ," ಎಂದು ಹೆಂಗಸರ ಸಾಲಿನಿಂದ ಮಾತು ಬಂತು. ಅಕ್ಕ. "ಅಂಗಡಿ ಹಿಂದಿನ ಶೆಡ್ಡಲ್ಲಿ ಇವರೇ ಎರೆದಿದ್ದು. ಮೇಲೊಂದು ಒಳ್ಳೇದಿಟ್ಟಿದ್ದೂ ಇವರೇ. ಆಗಲೂ ಇವರೇ. ಅಪ್ಪನ ತವರ ನಮ್ಮ ಮಂಚದ ಕೆಳಗೆ ಇತ್ತು. ಅದರ ಮೇಲೇ ನಾನು ಹೆತ್ತಿದ್ದು."

ಯಜಮಾನ ಹೆಂಡತಿಯತ್ತ ಒಂದು ಹೆಜ್ಜೆ ಇಟ್ಟ. ಜನ ನಡುವೆ ನಿಂತರು. ಸುತ್ತ ನೋಡಿದ, ನಿನ್ನೆಯವರೆಗೆ ಕೈ ಮುಗಿದವರ ಕಣ್ಣಲ್ಲಿ ತನಗೆ ಜಾಗವಿಲ್ಲವೆಂದು ತಿಳಿಯಿತು. ಯಾರೋ ಹಿಂದಿನಿಂದ 'ಡಬ್' ಎಂದರು. ನಗು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಹರಡಿತು. ಗೆರೆ ಬಿದ್ದ ಶಲ್ಯದಲ್ಲೇ ಅವನು ಬಾಗಿಲು ದಾಟಿ ಹೋಗುವುದನ್ನು ಕಂಚಮ್ಮ ಕಣ್ಣು ಮಿಟುಕಿಸದೆ ನೋಡಿದಳು. ಸಕ್ಕರೆ ತಿಂದಷ್ಟು ಸಿಹಿಯಾಗಿತ್ತು.

ಆಮೇಲೆ ಅವಳು ಗೋಣಿಯ ಕೆಳಗಿಂದ ತಾನು ಚೂರುಚೂರಾಗಿ ಕೂಡಿಟ್ಟಿದ್ದ ತವರ ತೆಗೆದಳು. ಅರ್ಚಕರೇ ಅದನ್ನು ಮೂಸೆಗೆ ಹಾಕಿದರು. ಎರಕ ಆಯಿತು. ಅಚ್ಚು ಪೂರ್ತಿ ಆರಿದ ಮೇಲೆ ಒಡೆದಾಗ, ಗಂಟೆಯ ಅಂಚಿನಲ್ಲಿ ದಪ್ಪ ಅಕ್ಷರಗಳಿದ್ದವು, ದೂರದಿಂದ ಓದುವ ಹಾಗೆ: ಗಂಟೆ ಮೇಸ್ತ್ರಿಯ ಮಗಳು ಎರಕ ಹೊಯ್ದದ್ದು. ಸಮಿತಿಯವರು ಓದಿದರು, ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಯಾರೂ ಬೇಡವೆನ್ನಲಿಲ್ಲ. ನಾಲಿಗೆ ಕಟ್ಟಿ ಹಗ್ಗ ಎಳೆದಾಗ ಎದ್ದ ನಾದ, ಅರ್ಚಕರು ಪ್ರದಕ್ಷಿಣೆ ಮುಗಿಸಿ ಬಂದರೂ ಕಿವಿಯಲ್ಲಿ ಗುಂಯ್‌ಗುಡುತ್ತಿತ್ತು.

ಕಂಚಮ್ಮನಿಗೆ ಅಷ್ಟಕ್ಕೇ ತೃಪ್ತಿಯಾಗಲಿಲ್ಲ. ಭಾವನ ಅಂಗಡಿ ಗುಡಿಯ ಎದುರು ಬೀದಿಯಲ್ಲೇ ಇತ್ತು. ಬೆಳಿಗ್ಗೆ ಅವನು ಅಂಗಡಿಯ ಷಟರ್ ಎತ್ತುವ ಹೊತ್ತಿಗೆ ಸರಿಯಾಗಿ ಅವಳು ಗುಡಿಗೆ ಬಂದು ಹಗ್ಗ ಹಿಡಿಯುತ್ತಿದ್ದಳು. ಒಂದೆರಡು ಎಳೆತಕ್ಕೆ ಬಿಡುತ್ತಿರಲಿಲ್ಲ. ಗಿರಾಕಿಗಳು ಅವನ ಅಂಗಡಿಯಲ್ಲಿ ಸೌಟು ತೆಗೆದುಕೊಂಡರೂ ಬಗ್ಗಿಸಿ ಕಿವಿಗೆ ಹಿಡಿದು ನೋಡಿ ನಗುತ್ತಿದ್ದರು.

"ಸಾಕು ಮಗಳೇ, ದೇವರು ಬಂದಾಯ್ತು," ಎಂದರು ಅರ್ಚಕರು ಒಮ್ಮೆ.

"ಹೋಗಬೇಕಾದವರು ಇನ್ನೂ ಹೋಗಿಲ್ಲ ಸ್ವಾಮಿ."

ಮಳೆಗಾಲ ಬರುವ ಮುಂಚೆ ಅವನು ಅಂಗಡಿ ಮುಚ್ಚಿ, ಮಗನಿದ್ದ ದೂರದ ಊರಿಗೆ ಹೋದ. ಅಕ್ಕ ಅವನ ಜೊತೆ ಹೋಗಲಿಲ್ಲ. ಒಂದು ಟ್ರಂಕು ಹಿಡಿದು ಕುಲುಮೆಯ ಬಾಗಿಲಿಗೆ ಬಂದು ನಿಂತಳು.

"ನಾನು ಹೇಳದಿದ್ರೆ ಅವತ್ತು ನೀನು ಸೋಲ್ತಿದ್ದೆ," ಎಂದಳು.

"ಮೊದಲೇ ಹೇಳಿದ್ರೆ ಅಪ್ಪ ಬದುಕ್ತಿದ್ರು," ಎಂದಳು ಕಂಚಮ್ಮ. "ಮಂಚದ ಕೆಳಗೆ ಇದ್ದದ್ದು ನಿಂಗೆ ಗೊತ್ತಿತ್ತು. ಅಪ್ಪ ಬಾಯಿ ಮುಚ್ಕೊಂಡಿದ್ದು ನಿನಗೋಸ್ಕರ. ನೀನು ಬಾಯಿ ಮುಚ್ಕೊಂಡಿದ್ದು ಯಾರಿಗೋಸ್ಕರ?"

ಅಕ್ಕ ಟ್ರಂಕಿನ ಹಿಡಿಯನ್ನು ಇನ್ನೊಂದು ಕೈಗೆ ಬದಲಿಸಿಕೊಂಡಳು. ಕಂಚಮ್ಮ ಅವಳನ್ನು ಒಳಗೆ ಕರೆಯಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಒಂದು ಬುಟ್ಟಿ ಹಸಿ ಮಣ್ಣು ಎತ್ತಿ ಎದುರು ಕುಕ್ಕಿ, "ಕಲ್ಲಿದ್ದರೆ ಆರಿಸು," ಎಂದಳು. ಅಕ್ಕ ಸೆರಗು ಸಿಕ್ಕಿಸಿಕೊಂಡು ಕೂತಳು.

ಆಮೇಲೆ ಇಬ್ಬರೂ ಅದೇ ಮನೆಯಲ್ಲಿ ಬಾಳಿದರು. ಊರೂರಿನಿಂದ ಗಂಟೆಯ ಕೆಲಸ ಬಂತು, ಅಕ್ಕ ಮಣ್ಣು ಹದಮಾಡುತ್ತಿದ್ದಳು, ತಂಗಿ ಎರಕ ಹೊಯ್ಯುತ್ತಿದ್ದಳು. ಬೇಕಾದಷ್ಟೇ ಮಾತು. ಯಾರಾದರೂ ಹೊಸಬರು ಬಂದು, "ಇವರು ಯಾರು, ನಿಮ್ಮ ಅಕ್ಕನಾ?" ಎಂದು ಕೇಳಿದರೆ ಕಂಚಮ್ಮ ಕೆಲಸದಿಂದ ತಲೆ ಎತ್ತದೆ, "ಮೇಸ್ತ್ರಿಯ ದೊಡ್ಡ ಮಗಳು," ಎನ್ನುತ್ತಿದ್ದಳು. ಅಕ್ಕ ಎಂಬ ಮಾತನ್ನು ಅವಳು ಮತ್ತೆ ಆಡಲಿಲ್ಲ.